ವಿಕರ್ಣನನ್ನು ವೀರ ಅನ್ನಬಹುದಾ?

ಶಿಕಾರಿಪುರದ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ವಾದ ಹತ್ತಿಕೊಂಡಿದೆ. ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಮಾವ. ವಿಷಯ ದುರ್ಯೋಧನನ ತಮ್ಮ ವಿಕರ್ಣ.

ಸಕ್ಕರೆ ಕಾಯಿಲೆಯಿಂದ ಮಾವನ ಕಣ್ಣು ಮಂಜಾಗಿದೆ. ಹಾಗಾಗಿ ರಾತ್ರಿ ಊಟ ಆದ ಮೇಲೆ ನಾನು ಮಹಾಭಾರತ ಓದುತ್ತೇನೆ, ಅವರು ಕೇಳುತ್ತಾರೆ. ವ್ಯಾಸರ ಮೂಲದ ಕನ್ನಡ ಗದ್ಯ ಅನುವಾದ. ನನಗೆ ಗಮಕ ಬರುವುದಿಲ್ಲ, ಸುಮ್ನೆ ಪೇಪರ್ ಓದಿದ ಹಾಗೆ ಓದುತ್ತೇನೆ. ಮಾವ ಚಿಕ್ಕಂದಿನಿಂದ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತದ ವಾಚನ ಕೇಳಿ ಬೆಳೆದವರು. ನಾನು ಒಂದು ಪುಟ ತಿರುಗಿಸುವಷ್ಟರಲ್ಲಿ ಅವರ ಬಾಯಲ್ಲಿ ಎರಡು ಷಟ್ಪದಿ ಬಂದಿರುತ್ತವೆ. ಕರ್ಣ ಅಂದರೆ ಅವರಿಗೆ ಪ್ರಾಣ.

ದ್ಯೂತದ ಭಾಗ ಓದುವಾಗ ವಿಕರ್ಣ ನನ್ನ ಕಣ್ಣಿಗೆ ಬಿದ್ದ. ದುಶ್ಶಾಸನ ದ್ರೌಪದಿಯನ್ನು ಕೂದಲು ಹಿಡಿದು ಎಳೆದು ತಂದಿದ್ದಾನೆ. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಅಂತ ಅವಳು ಕೇಳಿದ ಪ್ರಶ್ನೆಗೆ ಉತ್ತರ ಬಂದಿಲ್ಲ. ಧರ್ಮ ಬಹಳ ಸೂಕ್ಷ್ಮ, ನನಗೆ ಹೇಳಲಾಗದು ಎಂದು ಭೀಷ್ಮರು ಕೈಚೆಲ್ಲಿದ್ದಾರೆ. ದ್ರೋಣರು, ಕೃಪರು ತುಟಿ ಬಿಚ್ಚುವುದಿಲ್ಲ. ಭೀಮನಿಗೆ ಅಣ್ಣನ ಮೇಲೇ ಸಿಟ್ಟು. ಸಹದೇವಾ, ಬೆಂಕಿ ತಾ, ಇವನ ಕೈ ಸುಡುತ್ತೇನೆ ಎನ್ನುತ್ತಾನೆ. ಅರ್ಜುನ ಅವನನ್ನು ತಡೆಯುತ್ತಾನೆ. ಮಾತಾಡುವ ಸರದಿ ಯಾರದ್ದು ಎಂದು ನೋಡಿದರೆ, ಮಾತಾಡುವವನು ಧೃತರಾಷ್ಟ್ರನ ಮಗ.

ಅವಳು ಕೇಳಿದ್ದಕ್ಕೆ ಉತ್ತರ ಕೊಡಿ ಎಂದು ಅಲ್ಲಿದ್ದ ರಾಜರನ್ನು ಕೇಳುತ್ತಾನೆ. ಭೀಷ್ಮ, ಧೃತರಾಷ್ಟ್ರ, ವಿದುರ, ದ್ರೋಣ, ಕೃಪ, ಎಲ್ಲರ ಹೆಸರು ಹಿಡಿದು ನೀವು ಯಾಕೆ ಮಾತಾಡುತ್ತಿಲ್ಲ ಎನ್ನುತ್ತಾನೆ. ಸದ್ದಿಲ್ಲ. ಮತ್ತೆ ಮತ್ತೆ ಕೇಳುತ್ತಾನೆ. ಸರಿ ಅನ್ನುವವರೂ ಇಲ್ಲ, ತಪ್ಪು ಅನ್ನುವವರೂ ಇಲ್ಲ. ಕೊನೆಗೆ ಕೈಗೆ ಕೈ ಉಜ್ಜಿಕೊಂಡು, ಹಾವಿನಂತೆ ಉಸಿರು ಬಿಡುತ್ತಾ, ನೀವು ಹೇಳಿ ಬಿಡಿ, ನನಗೆ ನ್ಯಾಯ ಎನಿಸಿದ್ದನ್ನು ನಾನು ಹೇಳುತ್ತೇನೆ ಎಂದು ಶುರು ಮಾಡುತ್ತಾನೆ.

ಕೈ ಉಜ್ಜಿಕೊಂಡ ಅನ್ನುವ ಕಡೆ ನಾನು ಓದು ನಿಲ್ಲಿಸಿದೆ. ಈ ಕಥೆಯಲ್ಲಿ ಬಿಲ್ಲು ಹಿಡಿದ ಕೈ, ಗದೆ ಹಿಡಿದ ಕೈ ಎಷ್ಟಿಲ್ಲ ಹೇಳಿ. ಇವನ ಕೈಯಲ್ಲಿ ಏನೂ ಇಲ್ಲ. ಎದುರಿಗೆ ಅಪ್ಪ, ಅಜ್ಜ, ಗುರು, ಅಣ್ಣ. ಮಾವಾ, ಇಡೀ ಸಭೆಯಲ್ಲಿ ವೀರ ಇವನೊಬ್ಬನೇ ಅಲ್ವಾ ಅಂದೆ. ಅವರು ನಕ್ಕರು. "ಮಾತಾಡಿದವರೆಲ್ಲ ವೀರರಾದರೆ ಗ್ರಾಮಸಭೆ ತುಂಬ ವೀರರೇ ಅಮ್ಮಾ. ತಡಿ, ವಿರಾಟಪರ್ವ ಬರಲಿ" ಅಂದರು.

ವಿರಾಟಪರ್ವ ಬಂತು. ವಿರಾಟನ ಹಸುಗಳನ್ನು ಕೌರವರು ಹೊಡೆದುಕೊಂಡು ಹೋಗುವ ಗೋಗ್ರಹಣದ ಯುದ್ಧದಲ್ಲಿ ವಿಕರ್ಣ ಆನೆ ಏರಿ ಅರ್ಜುನನ ಮೇಲೆ ಬರುತ್ತಾನೆ. ಅರ್ಜುನನ ಒಂದೇ ಬಾಣಕ್ಕೆ ಆನೆ ಬೀಳುತ್ತದೆ. ವಿಕರ್ಣ ಹೆದರಿ ಕೆಳಗೆ ಹಾರಿ, ಎಂಟುನೂರು ಹೆಜ್ಜೆ ಹಿಂದಕ್ಕೆ ಓಡಿ, ಸೋದರ ವಿವಿಂಶತಿಯ ರಥ ಹತ್ತುತ್ತಾನೆ. ವ್ಯಾಸರು ಹೆಜ್ಜೆಯನ್ನೂ ಎಣಿಸಿಟ್ಟಿದ್ದಾರೆ ನೋಡಿ! ಮಾವ ಎಷ್ಟು ನಕ್ಕರೆಂದರೆ ಅತ್ತೆ ಅಡುಗೆಮನೆಯಿಂದ ಬಂದು ಏನಾಯ್ತು ಅಂತ ಕೇಳಿದರು.

ನಮ್ಮ ಕಡೆ, ಬಳ್ಳಿಗಾವಿಯ ಸುತ್ತಮುತ್ತ, ವೀರಗಲ್ಲು ಬಹಳ. ತುರು ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವರ ಕಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಮಾವನ ಲೆಕ್ಕ ಇಷ್ಟೇ: ಹಸುವಿಗಾಗಿ ನಿಂತು ಸತ್ತವನಿಗೆ ಕಲ್ಲು, ಹಸು ಕದಿಯಲು ಹೋಗಿ ಓಡಿ ಬಂದವನಿಗೆ ಏನು?

ಈಗ ದ್ರೋಣಪರ್ವ ಓದುತ್ತಿದ್ದೇವೆ. 14ನೇ ದಿನ, ಸೈಂಧವನನ್ನು ಕೊಲ್ಲುವ ದಿನ, ಭೀಮನ ಕೈಯಲ್ಲಿ ಕರ್ಣ ಸಿಕ್ಕಿಬಿದ್ದಿದ್ದಾನೆ. ಅವನನ್ನು ಕಾಪಾಡಿ ಎಂದು ದುರ್ಯೋಧನ ತಮ್ಮಂದಿರನ್ನು ಅಟ್ಟುತ್ತಾನೆ. ಆ ಗುಂಪಿನಲ್ಲಿ ವಿಕರ್ಣ ಇದ್ದಾನೆ. ಸಭೆಯಲ್ಲಿ ಇವನಿಗೆ ನೀನಿನ್ನೂ ಹುಡುಗ, ದೊಡ್ಡವರ ಹಾಗೆ ಮಾತಾಡಬೇಡ ಎಂದು ಬಾಯಿ ಮುಚ್ಚಿಸಿದವನು ಇದೇ ಕರ್ಣ. ದ್ರೌಪದಿಯ ಸೀರೆ ಸೆಳೆಯಲು ದುಶ್ಶಾಸನನಿಗೆ ಹೇಳಿದವನೂ ಅವನೇ. ಅಂಥವನನ್ನು ಉಳಿಸಲು ಹೋಗಿ ವಿಕರ್ಣ ಸಾಯುತ್ತಾನೆ. ಕೊಂದ ಭೀಮ ಅಳುತ್ತಾನೆ. ನಿಮ್ಮನ್ನೆಲ್ಲ ಕೊಲ್ಲುತ್ತೇನೆ ಎಂದು ಪ್ರತಿಜ್ಞೆ ಮಾಡಿದ್ದೆ, ಅದಕ್ಕೆ ನೀನೂ ಸತ್ತೆ, ನೀನು ಯಾವಾಗಲೂ ನಮ್ಮ ಒಳ್ಳೆಯದನ್ನೇ ಬಯಸಿದವನು ಎಂದು. ನೂರು ಜನರಲ್ಲಿ ಭೀಮ ಹೀಗೆ ಅತ್ತಿದ್ದು ಇವನಿಗೆ.

ಇಲ್ಲಿ ಮಾವ ನಗಲಿಲ್ಲ. ಆದರೆ ಒಪ್ಪಲೂ ಇಲ್ಲ. ನೀವು ಹೇಳಿ. ಸಭೆಯಲ್ಲಿ ನಿಂತ, ರಣದಲ್ಲಿ ಓಡಿದ, ಕೊನೆಗೆ ತಪ್ಪು ಪಕ್ಷದಲ್ಲೇ ಸತ್ತ. ಇವನನ್ನು ವೀರ ಅನ್ನಬಹುದಾ?

ಕರಿಕೋಟು

ವಕೀಲನಾಗಿ ಹೇಳುತ್ತಿದ್ದೇನೆ. ಧೈರ್ಯದ ಮಾತು ಆಮೇಲೆ, ಮೊದಲು ಅವನ ವಾದ ನೋಡಿ. ಎಲ್ಲರೂ ಅಯ್ಯೋ ಪಾಪ ಅನ್ನಿಸುವ ಭಾಷಣ ಅಂದುಕೊಳ್ಳುತ್ತಾರೆ. ಅಲ್ಲ. ಅದು ಕಟ್ಟಿದ ವಾದ.

ಬೇಟೆ, ಕುಡಿತ, ಜೂಜು, ಹೆಣ್ಣಿನ ಹುಚ್ಚು ಇವು ರಾಜರ ನಾಲ್ಕು ವ್ಯಸನ. ವ್ಯಸನದಲ್ಲಿ ಮುಳುಗಿದವನು ಮಾಡಿದ ಕೆಲಸವನ್ನು ಮಾಡಿದ್ದು ಎಂದು ಲೋಕ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಧರ್ಮರಾಯ ಆ ಸ್ಥಿತಿಯಲ್ಲಿ ಪಣ ಒಡ್ಡಿದ. ಅವಳು ಐವರಿಗೂ ಹೆಂಡತಿ, ಒಬ್ಬನೇ ಹೇಗೆ ಒಡ್ಡುತ್ತಾನೆ? ತನ್ನನ್ನು ಸೋತ ಮೇಲೆ ಒಡ್ಡಿದ, ಆಗ ಅವನಿಗೆ ಏನು ಹಕ್ಕಿತ್ತು? ಅದೂ ಅವನಾಗಿ ಎತ್ತಿದ ಹೆಸರಲ್ಲ, ಶಕುನಿ ಬಾಯಿಗೆ ಹಾಕಿದ್ದು. ಆದ್ದರಿಂದ ಅವಳು ಗೆದ್ದ ವಸ್ತು ಅಲ್ಲ. ಒಂದು ಎಳೆ ಕಡಿದರೂ ಇನ್ನೊಂದು ನಿಲ್ಲುತ್ತದೆ. ಈಗಿನ ಕೋರ್ಟಿನಲ್ಲೂ ನಾವು ಹೀಗೇ ಮಾಡುತ್ತೇವೆ.

ಇನ್ನೊಂದು ವಿಷಯ ನೀವು ಬಿಟ್ಟಿರಿ. ಅವನು ಮುಗಿಸಿದ ಕೂಡಲೇ ಸಭೆಯಲ್ಲಿ ದೊಡ್ಡ ಗದ್ದಲ ಏಳುತ್ತದೆ, ವಿಕರ್ಣನನ್ನು ಹೊಗಳಿ ಶಕುನಿಯನ್ನು ಬೈದು. ಅಂದರೆ ಅಲ್ಲಿದ್ದವರಿಗೆ ತಪ್ಪು ಯಾವುದು ಅಂತ ಗೊತ್ತಿತ್ತು. ಗದ್ದಲ ಅಡಗಿದ ಮೇಲೆ ಕರ್ಣ ಎದ್ದು ಗದರಿದ, ಎಲ್ಲ ತಣ್ಣಗಾಯಿತು. ಗುಂಪಿನಲ್ಲಿ ಕೂಗುವುದಕ್ಕೂ ಒಬ್ಬನೇ ಎದ್ದು ಹೆಸರು ಹಿಡಿದು ಕೇಳುವುದಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ. ನಿಮ್ಮ ಮಾವನವರ ಗ್ರಾಮಸಭೆಯ ಮಾತು ಚೆನ್ನಾಗಿದೆ, ಆದರೆ ಕೂಗುವವರಿಗೆ ಮಾತ್ರ ಸಲ್ಲುತ್ತದೆ.

ಆಮೇಲೆ ವಿದುರ ಎದ್ದು, ವಿಕರ್ಣ ತನ್ನ ಬುದ್ಧಿಗೆ ತೋಚಿದ ಉತ್ತರ ಕೊಟ್ಟ, ನೀವೂ ಕೊಡಿ ಎನ್ನುತ್ತಾನೆ. ಪಾಪದ ಪಾಲಿನ ಲೆಕ್ಕವನ್ನೂ ಕೊಡುತ್ತಾನೆ. ತಪ್ಪನ್ನು ತಪ್ಪು ಅನ್ನದ ಸಭೆಯಲ್ಲಿ ಅರ್ಧ ಪಾಪ ಸಭೆಯ ಹಿರಿಯನಿಗೆ, ಕಾಲು ಭಾಗ ಮಾಡಿದವನಿಗೆ, ಕಾಲು ಭಾಗ ಸುಮ್ಮನೆ ಕೂತವರಿಗೆ. ಮಾಡಿದವನಿಗಿಂತ ಹಿರಿಯನಿಗೆ ಎರಡು ಪಟ್ಟು! ಈ ಲೆಕ್ಕ ಓದಿದ ಮೇಲೆ ಭೀಷ್ಮರ ಶರಶಯ್ಯೆಯನ್ನು ನಾನು ಮೊದಲಿನ ಹಾಗೆ ಓದಲಾರೆ.

ಆದರೆ ವಿಕರ್ಣನನ್ನು ಆ ಸಭೆಯ ಒಬ್ಬನೇ ವೀರ ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಆ ಪ್ರಶ್ನೆ ಹುಟ್ಟಿದ್ದು ಯಾರಿಂದ? ಕರೆಯಲು ಬಂದ ಪ್ರಾತಿಕಾಮಿಯನ್ನು, ಹೋಗಿ ಕೇಳಿಕೊಂಡು ಬಾ ಎಂದು ವಾಪಸ್ ಕಳಿಸಿದವಳು ದ್ರೌಪದಿ. ಆಗಲೇ ತಾನು ದಾಸಿ ಎಂದು ಹೇಳಿಸಿಕೊಂಡವಳು. ವಿಕರ್ಣ ಆ ಪ್ರಶ್ನೆಯನ್ನು ಎತ್ತಿ ಹಿಡಿದ, ಅಷ್ಟೇ. ಪ್ರಾತಿಕಾಮಿಯನ್ನೂ ಸ್ವಲ್ಪ ನೋಡಿ. ಅವನು ಸೂತ, ಅರಮನೆಯ ಆಳು. ಮತ್ತೆ ಹೋಗಿ ಕರೆದು ತಾ ಅಂದಾಗ ತಕ್ಷಣ ಹೊರಡುವುದಿಲ್ಲ, ದ್ರೌಪದಿಗೆ ನಾನು ಏನು ಹೇಳಲಿ ಎಂದು ಸಭೆಯನ್ನೇ ಕೇಳುತ್ತಾನೆ. ಇವನು ಭೀಮನಿಗೆ ಹೆದರಿದ್ದಾನೆ ಎಂದು ದುರ್ಯೋಧನ ಅವನನ್ನು ಬಿಟ್ಟು ದುಶ್ಶಾಸನನನ್ನು ಕಳಿಸುತ್ತಾನೆ. ರಾಜಕುಮಾರನಿಗೆ ತಪ್ಪಿದರೆ ಬೈಗುಳ. ಆಳಿಗೆ ತಪ್ಪಿದರೆ ತಲೆ.

ರಾಧೇಯನ ಕಡೆಯವ

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ 🙏 ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂತ ಪಂಪ 941ರಲ್ಲೇ ಹೇಳಿಟ್ಟಿದ್ದಾನೆ. ಅದೂ ಅರ್ಜುನನನ್ನು ನಾಯಕ ಮಾಡಿ ಬರೆದ ಕಾವ್ಯದಲ್ಲಿ. ಸಭೆಯಲ್ಲಿ ಕರ್ಣ ಆಡಿದ್ದು ಕೆಟ್ಟ ಮಾತು, ನಾನೂ ಸಮರ್ಥಿಸಲ್ಲ. ಆದರೆ ಉದ್ಯೋಗಪರ್ವದಲ್ಲಿ ಕೃಷ್ಣನ ಮುಂದೆ ಅವನೇ ಹೇಳುತ್ತಾನಲ್ಲ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ಮಾತಾಡಿದೆ, ಅದಕ್ಕಾಗಿ ಈಗ ಬೇಯುತ್ತಿದ್ದೇನೆ ಅಂತ. ಹಾಗೆ ಹೇಳಿದವರು ಆ ಪಕ್ಷದಲ್ಲಿ ಇನ್ನೊಬ್ಬರನ್ನು ತೋರಿಸಿ ನೋಡೋಣ. ವಿಕರ್ಣ ಒಳ್ಳೆ ಹುಡುಗ. ಅವನನ್ನು ಎತ್ತಲು ಕರ್ಣನನ್ನು ಇಳಿಸಬೇಕಾಗಿಲ್ಲ.

ಪುತ್ತೂರಿನ ಅರ್ಥಧಾರಿ

ಶಿಕಾರಿಪುರದ ಅಕ್ಕಾ, ನಿಮ್ಮ ಪ್ರಶ್ನೆ ಓದಿ ಕೈಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ. ನಾನು ಹವ್ಯಾಸಿ. ಹಗಲು ಅಡಿಕೆ ವ್ಯಾಪಾರ, ರಾತ್ರಿ ಎಲ್ಲಾದರೂ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಇದ್ದರೆ ಅಲ್ಲಿ ಹಾಜರು.

ಹೊಸದಾಗಿ ಅರ್ಥ ಹೇಳಲು, ಅಂದರೆ ಪದ್ಯದ ಬೆನ್ನಿಗೆ ಪಾತ್ರದ ಮಾತು ಆಡಲು, ಶುರು ಮಾಡಿದಾಗ ನಮ್ಮ ಸಂಘದಲ್ಲಿ ನನಗೆ ಕೊಟ್ಟದ್ದು ವಿಕರ್ಣ. ಸಣ್ಣ ಪಾತ್ರ, ಹೊಸಬರಿಗೆ ಸಾಕು ಅಂತ. ಕರ್ಣನ ಅರ್ಥ ಒಬ್ಬ ಹಿರಿಯರದ್ದು. ವೇಷ ಇಲ್ಲ, ಕಿರೀಟ ಇಲ್ಲ. ಬಿಳಿ ಪಂಚೆ ಉಟ್ಟು ಎದುರುಬದುರು ಕೂತು ಮಾತಲ್ಲೇ ಎಲ್ಲ ಆಗಬೇಕು. ಭಾಗವತರು ನನ್ನ ಪದ್ಯ ಹೇಳಿದರು, ಚೆಂಡೆ ನಿಂತಿತು, ನಾನು ಕಂಠಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಜನ ಚಪ್ಪಾಳೆ ಹೊಡೆದರು. ಆಮೇಲೆ ಹಿರಿಯರು ಬಾಯಿ ತೆರೆದರು. ಹುಡುಗಾ, ನಿನ್ನ ಹಲ್ಲಿಗೆ ಇನ್ನೂ ಹಾಲಿನ ವಾಸನೆ ಇದೆ ಎಂದು ಶುರು ಮಾಡಿ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. ಅದೇ ಜನ ಅವರಿಗೂ ಚಪ್ಪಾಳೆ ಹೊಡೆದರು. ಕರಿಕೋಟಿನವರು ಹೇಳಿದ ಗದ್ದಲ ಹೇಗೆ ತಣ್ಣಗಾಗುತ್ತದೆ ಅಂತ ನನಗೆ ಅಂದೇ ಅರ್ಥವಾಯಿತು.

ಆದರೆ ನಾನು ಹೇಳಹೊರಟದ್ದು ಅದಲ್ಲ. ಕರ್ಣ ಬೈದ ಮೇಲೆ ನನಗೆ ಪದ್ಯವೇ ಇಲ್ಲ. ಎದ್ದು ಹೋಗುವ ಹಾಗೂ ಇಲ್ಲ. ದುಶ್ಶಾಸನನ ಅರ್ಥ ಆಗಬೇಕು, ದ್ರೌಪದಿಯ ಅಳು ಆಗಬೇಕು, ಭೀಮನ ಪ್ರತಿಜ್ಞೆ ಆಗಬೇಕು. ಅಷ್ಟು ಹೊತ್ತೂ ಅಲ್ಲೇ ಕೂತಿರಬೇಕು, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ನಿಜವಾದ ವಿಕರ್ಣನ ಪಾಡು ಇನ್ನೂ ಕಷ್ಟ. ಅವನು ಆ ರಾತ್ರಿ ಅದೇ ಅರಮನೆಯಲ್ಲಿ ಮಲಗಬೇಕು. ಮರುದಿನ ಅದೇ ಅಣ್ಣಂದಿರ ಸಾಲಿನಲ್ಲಿ ಊಟಕ್ಕೆ ಕೂರಬೇಕು. ಪಾಂಡವರು ಕಾಡಿಗೆ ಹೋದರು, ದ್ರೌಪದಿಯೂ ಹೋದಳು. ಇವನು 13 ವರ್ಷ ಅದೇ ಮನೆಯಲ್ಲಿ ಇದ್ದ. ಆ 13 ವರ್ಷದಲ್ಲಿ ದುಶ್ಶಾಸನ ಇವನನ್ನು ಏನಂತ ಕರೆಯುತ್ತಿದ್ದನೋ! ಒಳ್ಳೆಯ ಅರ್ಥಧಾರಿಗೆ ಅಲ್ಲಿ ರಾತ್ರಿ ಪೂರ್ತಿ ಮಾತಾಡುವಷ್ಟು ಸಾಮಗ್ರಿ ಇದೆ, ಆದರೆ ಪ್ರಸಂಗ ಬರೆದವರು ಯಾರೂ ಪದ್ಯ ಕೊಡಲಿಲ್ಲ.

ಹಾಗೆಂದು ದುರ್ಯೋಧನ ಇವನನ್ನು ದೂರ ಮಾಡಿರಲಿಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ದ್ರೋಣರಿಗೆ ತನ್ನ ಕಡೆಯ ಶೂರರ ಹೆಸರು ಹೇಳುವಾಗ ಭೀಷ್ಮ, ಕರ್ಣ, ಕೃಪ ಆದ ಮೇಲೆ "ಅಶ್ವತ್ಥಾಮಾ ವಿಕರ್ಣಶ್ಚ" ಎನ್ನುತ್ತಾನೆ. ನೂರು ಜನ ಕೌರವರಲ್ಲಿ ಆ ಪಟ್ಟಿಗೆ ಸೇರಿದ ತಮ್ಮ ಇವನೊಬ್ಬನೇ. ದುಶ್ಶಾಸನ ಕೂಡ ಇಲ್ಲ. ಎಂಟುನೂರು ಹೆಜ್ಜೆ ಓಡಿದವನು ಅಂತ ದುರ್ಯೋಧನನಿಗೆ ಗೊತ್ತಿರಲಿಲ್ಲವೇ? ಅಂದು ಅರ್ಜುನನ ಎದುರು ಭೀಷ್ಮ ದ್ರೋಣ ಕರ್ಣರೇ ಸೋತು ಬಂದದ್ದು, ದುರ್ಯೋಧನನೂ ಓಡಿದವನೇ. ಇದನ್ನು ನಿಮ್ಮ ಮಾವನವರಿಗೆ ನೆನಪು ಮಾಡಿ.

ದಡದಲ್ಲಿ ಒಬ್ಬ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಮಾತ್ರ ವಿಕರ್ಣನ ಮೇಲೆ ಇಷ್ಟೊಂದು ಪ್ರೀತಿ ಬರುವುದಿಲ್ಲ.

ತಪ್ಪು ಅಂತ ಗೊತ್ತಿತ್ತು, ಬಾಯಿಬಿಟ್ಟು ಹೇಳಿಯೂ ಆಯಿತು. ಆಮೇಲೆ ಅದೇ ತಪ್ಪಿಗೆ ಬಿಲ್ಲು ಹಿಡಿದ. ಗೊತ್ತಿಲ್ಲದೆ ಹಿಡಿದವನಿಗಿಂತ ಇವನ ಹೊಣೆ ಜಾಸ್ತಿ ಅಲ್ವಾ? ಕುಂಭಕರ್ಣನೂ ಹೀಗೇ. ರಾವಣನಿಗೆ ಬುದ್ಧಿ ಹೇಳಿ, ಕೊನೆಗೆ ಅಣ್ಣನ ಪರ ಹೋಗಿ ಸತ್ತ. ಇಂಥವರನ್ನು ಕಂಡರೆ ನಮಗೆ ಕಣ್ಣೀರು ಬರುತ್ತದೆ. ಬಿಟ್ಟು ಹೋದ ವಿಭೀಷಣನನ್ನು ಮಾತ್ರ ಮನೆ ಮುರುಕ ಅನ್ನುತ್ತೇವೆ.

ಮಹಾಭಾರತದಲ್ಲಿ ಬಿಟ್ಟು ಬಂದವನು ಯುಯುತ್ಸು. ಧೃತರಾಷ್ಟ್ರನಿಗೆ ವೈಶ್ಯ ಹೆಂಗಸಿನಲ್ಲಿ ಹುಟ್ಟಿದ ಮಗ. ಯುದ್ಧ ಶುರುವಾಗುವ ಮುಂಚೆ ಧರ್ಮರಾಯ ಎರಡು ಸೈನ್ಯಗಳ ನಡುವೆ ನಿಂತು, ನಮ್ಮ ಕಡೆ ಬರುವವರಿದ್ದರೆ ಬನ್ನಿ ಎಂದು ಕೂಗುತ್ತಾನೆ. ಬಂದವನು ಅವನೊಬ್ಬ. ವಿಕರ್ಣನೂ ಅಲ್ಲೇ ಇದ್ದ. ಅವನಿಗೂ ಆ ಕೂಗು ಕೇಳಿಸಿರಬೇಕು.

ಶಿಕಾರಿಪುರದ ಸೊಸೆ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮಹಾಭಾರತ ಬಿಟ್ಟು ಇದನ್ನೇ ಮಾವನಿಗೆ ಓದಿ ಹೇಳಿದೆ. ಗೀತೆಯ ಆ ಶ್ಲೋಕ ಅವರಿಗೆ ಬಾಯಿಪಾಠ. ಆದರೂ ಆ ವಿಕರ್ಣ ಈ ವಿಕರ್ಣನೇ ಎಂದು ಯೋಚಿಸಿರಲಿಲ್ಲವಂತೆ. ಎರಡು ಸಲ ಹೇಳಿಕೊಂಡು ನೋಡಿದರು. ಅರ್ಥಧಾರಿಗಳ ಕಥೆಗೆ, ಆ ಹಿರಿಯರು ಹೊಸ ಹುಡುಗನಿಗೆ ಅಷ್ಟು ಬೈಯಬಾರದಿತ್ತು ಅಂದರು. ಕರ್ಣ ಬೈಯಬಹುದು, ಅರ್ಥಧಾರಿ ಬೈಯಬಾರದು, ಏನು ನ್ಯಾಯವೋ!

ಕರಿಕೋಟಿನವರೇ, ದ್ರೌಪದಿಯ ಮಾತು ಒಪ್ಪಿದೆ. ಪ್ರಾತಿಕಾಮಿಯ ಬಗ್ಗೆ ಕೇಳಿದಾಗ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಅವನ ಹೆಸರೇನು ಅಂತ ಕೇಳಿದರು. ಪ್ರಾತಿಕಾಮಿ ಅಂದರೆ ಅವನ ಕೆಲಸದ ಹೆಸರು ಅಷ್ಟೇ ಅಲ್ವಾ? ಸ್ವಂತ ಹೆಸರು ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ರಾಧೇಯನ ಕಡೆಯವರೇ, ಕರ್ಣನನ್ನು ಇಳಿಸುವ ಆಸೆ ನನಗಿಲ್ಲ. ಇಳಿಸಿದರೆ ಈ ಮನೆಯಲ್ಲಿ ಊಟ ಸಿಗಲ್ಲ. ಆದರೆ ಅವನು ಬೆಂದದ್ದು ಕೃಷ್ಣ ಒಬ್ಬನ ಕಿವಿಗೆ ಬಿತ್ತು. ಬೈದದ್ದು ಇಡೀ ಸಭೆಗೆ ಕೇಳಿತ್ತು.

ದಡದಲ್ಲಿ ಒಬ್ಬರಿಗೆ ಒಂದು ಮಾತು. ಯುಯುತ್ಸು ಬಂದದ್ದು ಸಣ್ಣದಲ್ಲ. ಆದರೆ ಆ ಮನೆಯಲ್ಲಿ ಅವನು ಯಾವತ್ತೂ ಪೂರ್ತಿ ಒಳಗಿನವನಾಗಿರಲಿಲ್ಲ. ದಾಸಿಯ ಮಗ ಅನ್ನುವ ಹಾಗೆಯೇ ನೋಡಿರುತ್ತಾರೆ. ವಿಕರ್ಣ ಗಾಂಧಾರಿಯ ಮಗ. ಅವನಿಗೆ ಬಿಟ್ಟು ಬರುವುದು ಅಂದರೆ ಆ ತಾಯಿಯನ್ನೂ ಬಿಟ್ಟು ಬರುವುದು. ಸರಿ ಅನ್ನುತ್ತಿಲ್ಲ. ಕಷ್ಟ ಬೇರೆ ಅನ್ನುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಅವನು ಆ ಒಂದು ದಿನದ ವೀರ. ಉಳಿದ ದಿನ ಎಲ್ಲರಂತೆ ಒಬ್ಬ ತಮ್ಮ. ಒಂದು ದಿನ ಸಾಲದೇ ಅಂತ ಮಾವನನ್ನು ಕೇಳಿದೆ. "ಕಲ್ಲು ಹಾಕಿಸುವಷ್ಟು ಸಾಲದು, ನೆನೆಯುವಷ್ಟು ಸಾಕು" ಅಂದರು. ಅವರಿಂದ ಇಷ್ಟು ಬಂದದ್ದೇ ಹೆಚ್ಚು.

ದಡದಲ್ಲಿ ಒಬ್ಬ

ಗಾಂಧಾರಿಯ ಮಾತು ಒಪ್ಪಿದೆ. ಆದರೆ ಒಳಗಿನವನಲ್ಲ, ಹಾಗಾಗಿ ಬಿಡುವುದು ಸುಲಭ ಅನ್ನುವುದು ಯುಯುತ್ಸುವಿಗೆ ಅನ್ಯಾಯ. ನೀವು ಶಲ್ಯಪರ್ವಕ್ಕೆ ಬಂದಾಗ ದುರ್ಯೋಧನ ಸರೋವರ ಹೊಕ್ಕ ಮೇಲಿನ ಭಾಗವನ್ನು ಹಾರಿಸಬೇಡಿ. ಎಲ್ಲರಿಗೂ ಗದಾಯುದ್ಧದ ಅವಸರ, ನಡುವೆ ಇರುವ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೌರವರ ಬಿಡಾರದಲ್ಲಿ ಕಾದಾಡುವ ಗಂಡಸರು ಉಳಿದಿಲ್ಲ. ಹೊರಗೆ ಕಾಲಿಟ್ಟವರಲ್ಲದ ರಾಣಿವಾಸದ ಹೆಂಗಸರು ಎದೆ ಬಡಿದುಕೊಂಡು ಊರಿನ ಕಡೆ ಓಡುತ್ತಿದ್ದಾರೆ. ಆಗ ಯುಯುತ್ಸು ಧರ್ಮರಾಯನನ್ನೂ ಕೃಷ್ಣನನ್ನೂ ಕೇಳಿ ಅಪ್ಪಣೆ ಪಡೆದು, ಅವರನ್ನು ಕರೆದುಕೊಂಡು ಸೂರ್ಯ ಮುಳುಗುವ ಹೊತ್ತಿಗೆ ಹಸ್ತಿನಾವತಿಗೆ ತಲುಪಿಸುತ್ತಾನೆ. ತಾನು ಯಾರ ವಿರುದ್ಧ ಯುದ್ಧ ಮಾಡಿದನೋ ಅವರ ಹೆಂಡತಿಯರು. ವಿಕರ್ಣನ ಹೆಂಡತಿಯೂ ಆ ಗುಂಪಿನಲ್ಲಿ ಇದ್ದಿರಬಹುದು. ದಾರಿಯಲ್ಲಿ ಯಾರೂ ಅವನಿಗೆ ಒಂದು ಒಳ್ಳೆ ಮಾತು ಆಡಿರಲಿಕ್ಕಿಲ್ಲ. ಊರಲ್ಲಿ ಎದುರಾದ ವಿದುರ ಮಾತ್ರ, ಸರಿಯಾದ ಕೆಲಸ ಮಾಡಿದೆ, ಇವತ್ತು ಇಲ್ಲೇ ವಿಶ್ರಾಂತಿ ತಗೋ, ನಾಳೆ ಹೋಗುವೆಯಂತೆ ಎನ್ನುತ್ತಾನೆ.

ಪಾಂಡವರು ಕೊನೆಗೆ ಮಹಾಪ್ರಸ್ಥಾನಕ್ಕೆ ಹೊರಟಾಗ ಪರೀಕ್ಷಿತನಿಗೆ ಪಟ್ಟ ಕಟ್ಟಿ, ರಾಜ್ಯವನ್ನು ನೋಡಿಕೊಳ್ಳಲು ಬಿಟ್ಟು ಹೋದದ್ದೂ ಈ ಯುಯುತ್ಸುವನ್ನೇ. ನಿಮ್ಮ ಮಾವ ಅವನ ಬಗ್ಗೆ ಏನು ಹೇಳುತ್ತಾರೆ ಅಂತ ಇಲ್ಲೇ ಬರೆಯಿರಿ, ಕಾಯುತ್ತೇನೆ. ಅತ್ತೆಯವರನ್ನೂ ಕೇಳಿ.